ವಿನಯ್, ಮೊದಲು ಆ ಗಾಡಿ ಎಲ್ಲಿದೆ ಅಂತ ವಿಚಾರಿಸು

ವಿನಯ್,

ನಿನ್ನ ಮೆಸೇಜ್ ಓದಿ ರಾತ್ರಿ ನಿದ್ದೆ ಬರಲಿಲ್ಲ. ಅಮೆರಿಕಕ್ಕೆ ಬಂದು ಇನ್ನೂ ಸರಿಯಾಗಿ ಕಾಲೂರಿಲ್ಲ, ಅಷ್ಟರಲ್ಲಿ ರೂಮ್‌ಮೇಟ್‌ನ ಸಾವು ನೋಡಬೇಕಾಯಿತು ನಿನಗೆ. ಫೀನಿಕ್ಸ್ ಹತ್ತಿರದ ಮರುಭೂಮಿಯಲ್ಲಿ, ಬಾಡಿಗೆಗೆ ತಂದ ಸೈಡ್ ಬೈ ಸೈಡ್ (ಇಬ್ಬರು ಅಕ್ಕಪಕ್ಕ ಕೂತು ಕಚ್ಚಾ ದಾರಿಯಲ್ಲಿ ಓಡಿಸೋ ನಾಲ್ಕು ಚಕ್ರದ ಗಾಡಿ) ತಿರುವಿನಲ್ಲಿ ಮಗುಚಿತು, ಸ್ಪೀಡೂ ಜಾಸ್ತಿ ಇರಲಿಲ್ಲ ಅಂತ ಬರೆದಿದ್ದೀಯ. ಗಾಡಿ ತಯಾರಿಸಿದ ಕಂಪನಿ ಮೇಲೆ ಅವನ ಅಪ್ಪ ಅಮ್ಮ ಊರಿನಿಂದಲೇ ಕೇಸ್ ಹಾಕಬಹುದಾ, ಖರ್ಚು ಎಷ್ಟು ಅಂತ ಕೇಳಿದ್ದೀಯ. ಲೈಸೆನ್ಸ್, ಕ್ರೆಡಿಟ್ ಕಾರ್ಡ್, ಇಲ್ಲಿನ ಬೇಸಿಗೆ ಬಗ್ಗೆಯೂ ಕೇಳಿದ್ದೀಯ. ಲೈಸೆನ್ಸ್ ಬೇಗ ಮಾಡಿಸಿಕೋ, ಬೇಸಿಗೆ ಅಭ್ಯಾಸ ಆಗುತ್ತದೆ. ಉಳಿದದ್ದು ಫೋನ್‌ನಲ್ಲಿ ಮಾತಾಡೋಣ.

ಈಗ ಆಗಬೇಕಾದ ಕೆಲಸ ಒಂದೇ. ಆ ಗಾಡಿ ಎಲ್ಲಿದೆ ಅಂತ ವಿಚಾರಿಸು. ಬಾಡಿಗೆಯವರ ಹತ್ತಿರವೋ, ಕೆಟ್ಟ ಗಾಡಿಗಳನ್ನು ಎಳೆದು ತಂದು ನಿಲ್ಲಿಸೋ ಟೋ ಯಾರ್ಡ್‌ನಲ್ಲೋ, ಇನ್ಶೂರೆನ್ಸ್‌ನವರು ತಗೊಂಡು ಹೋದರೋ? ಅದನ್ನು ಯಾರೂ ರಿಪೇರಿ ಮಾಡಬಾರದು, ತೊಳೆಯಬಾರದು, ಮಾರಬಾರದು. ಹಾಗಂತ ಲಾಯರ್ ಪತ್ರ ಬರೆಯುತ್ತಾರೆ. ಆ ಪತ್ರ ಈ ವಾರವೇ ಹೋಗಬೇಕು.

ಯಾಕಿಷ್ಟು ಅವಸರ ಮಾಡುತ್ತೇನೆ ಅಂದರೆ, ನಾನು ಇಲ್ಲಿಗೆ ಬಂದ ಹೊಸದರಲ್ಲಿ ನಮ್ಮ ಹುಡುಗನೊಬ್ಬ ಹೀಗೇ ಹೋದ. ಫೀನಿಕ್ಸ್ ಪಕ್ಕದ ಟೆಂಪಿಯಲ್ಲಿ ನಾವೆಲ್ಲ ಅಕ್ಕಪಕ್ಕದ ಮನೆಗಳಲ್ಲಿದ್ದೆವು. ಗೊತ್ತಿದ್ದದ್ದನ್ನೆಲ್ಲ ಮಾಡಿದೆವು. ದುಡ್ಡು ಕೂಡಿಸಿದೆವು, ಕಾನ್ಸುಲೇಟ್ ಕಾಗದ ಮಾಡಿಸಿದೆವು, ದೇಹವನ್ನು ಊರು ಮುಟ್ಟಿಸಿದೆವು. ಯಾರಿಗೂ ಯಾರೂ ಇಲ್ಲದ ಈ ಊರಲ್ಲಿ ನಮ್ಮವರು ನಿಂತ ರೀತಿ ನೆನೆದರೆ ಇವತ್ತಿಗೂ ಹೆಮ್ಮೆ ಆಗುತ್ತದೆ. ಅವನ ಬ್ಯಾಗ್ ತರೋಕೆ ಬಾಡಿಗೆಯವರ ಜಾಗಕ್ಕೆ ಹೋದಾಗ ಗಾಡಿ ಟ್ರೇಲರ್ ಮೇಲೆ ಇತ್ತು. ತಲೆ ಮೇಲಿನ ಕಂಬಿ ಒಂದು ಕಡೆ ಬಗ್ಗಿತ್ತು. ಅವನ ಸೀಟ್ ಬೆಲ್ಟಿನ ಬಕಲ್ ಹಾಕಿದ್ದು ಹಾಕಿದ ಹಾಗೇ ಇತ್ತು. ಪಟ್ಟಿ ಮಾತ್ರ ಬುಡದಿಂದ ಕಿತ್ತು ಬಂದಿತ್ತು. ನೋಡಿದೆವು, ಅತ್ತೆವು, ಬ್ಯಾಗ್ ತಗೊಂಡು ಬಂದೆವು. ಒಂದು ಫೋಟೋ ತೆಗೆಯಬೇಕು ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಅವನ ತಂದೆ ಫೋನ್‌ನಲ್ಲಿ ಹೇಳಿದ್ದು, "ಅವನ ಹಣೆಬರಹ ಅಷ್ಟೇ ಇತ್ತಮ್ಮ, ಮಗನ ಹೆಸರಲ್ಲಿ ದುಡ್ಡು ಎಣಿಸೋದು ಬೇಡ." ಆ ಮಾತಿನ ಹಿಂದೆ ಏನಿದೆ ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ವರ್ಷ ಕಳೆದ ಮೇಲೆ ಅವನ ತಾಯಿಯ ಮನಸ್ಸು ತಡೆಯಲಿಲ್ಲ. ಲಾಯರ್ ಹತ್ತಿರ ಹೋದೆವು. ಗಾಡಿ ಎಲ್ಲಿ ಅಂತಲೇ ಅವರು ಮೊದಲು ಕೇಳಿದ್ದು. ಅದು ಅಷ್ಟರಲ್ಲಿ ಗುಜರಿಗೆ ಹೋಗಿತ್ತು. ಕೇಸ್ ತಗೊಳ್ಳೋಕೆ ಅವರು ಒಪ್ಪಲಿಲ್ಲ. ಪೊಲೀಸ್ ರಿಪೋರ್ಟಿನಲ್ಲಿ ಬೆಲ್ಟ್ ಹಾಕಿದ್ದನೋ ಇಲ್ಲವೋ ತಿಳಿದಿಲ್ಲ ಅಂತಿದೆ. ದುಡ್ಡಿನ ಮಾತು ಬಿಡು. ಹುಡುಗ ಜೋಪಾನವಾಗಿಯೇ ಕೂತಿದ್ದ ಅಂತ ಒಂದು ಸಾಲು ಕೂಡ ಆ ತಾಯಿಗೆ ಸಿಗಲಿಲ್ಲ. ಅದು ನನ್ನನ್ನು ಇವತ್ತಿಗೂ ಕೊರೆಯುತ್ತದೆ.

ಇನ್ನು ಕಾನೂನು. ಫೀನಿಕ್ಸ್ ಇರುವ ಈ ಅರಿಜೋನಾ ರಾಜ್ಯದಲ್ಲಿ ಸಾವಿನ ಕೇಸ್ ಹಾಕೋಕೆ ಸಾಮಾನ್ಯವಾಗಿ 2 ವರ್ಷ ಸಮಯ. ಹೆಂಡತಿ ಮಕ್ಕಳ ಹಾಗೆ ಅಪ್ಪ ಅಮ್ಮನಿಗೂ ಹಕ್ಕಿದೆ, ಊರಲ್ಲಿದ್ದರೂ ಸರಿ. ಅಣ್ಣ ತಮ್ಮಂದಿರಿಗೆ ಇಲ್ಲ. ಲಾಯರ್‌ಗೆ ಮುಂಗಡ ಕೊಡಬೇಕಾಗಿಲ್ಲ. ಗೆದ್ದರೆ ಮೂರನೇ ಒಂದು ಭಾಗದಿಂದ ನೂರಕ್ಕೆ 40ರವರೆಗೆ ಅವರು ತಗೊಳ್ಳೋದು ಮಾಮೂಲು. ಗಾಡಿ ಪರೀಕ್ಷಿಸುವ ಎಂಜಿನಿಯರ್‌ಗಳ ಖರ್ಚು ಬೇರೆ. ಅದನ್ನು ಯಾರು ಹೊರಬೇಕು ಅಂತ ಸಹಿ ಹಾಕೋ ಮೊದಲೇ ಕೇಳಿಕೊಳ್ಳಲಿ. ಅಪಾಯ ಆದರೆ ಹೊಣೆ ನನ್ನದೇ ಅನ್ನೋ ಬಾಡಿಗೆಯವರ ಕಾಗದಕ್ಕೆ ಅವನು ಸಹಿ ಹಾಕಿದ್ದ ಅಂತ ಹೆದರಬೇಡ. ಅಪಾಯ ಗೊತ್ತಿದ್ದೇ ಹೋದನಾ ಅನ್ನೋದನ್ನು ಈ ರಾಜ್ಯದಲ್ಲಿ ಜ್ಯೂರಿಯೇ, ಅಂದರೆ ಕೋರ್ಟಿನಲ್ಲಿ ಕೂರಿಸಿದ ಸಾಮಾನ್ಯ ಜನರೇ, ತೀರ್ಮಾನಿಸಬೇಕು ಅಂತ ರಾಜ್ಯದ ಸಂವಿಧಾನದಲ್ಲೇ ಇದೆ.

ನಿಧಾನಕ್ಕೆ ಹೋದರೂ ಗಾಡಿ ಮಗುಚುತ್ತದಾ ಅಂತ ನಿನಗೆ ಅನುಮಾನ ಇದ್ದೀತು. ಯಮಹಾ ರೈನೋ ಅಂತ ಇಂಥದೇ ಒಂದು ಸೈಡ್ ಬೈ ಸೈಡ್ ಇತ್ತು, ಅದರ ವಿಷಯ ಕೇಳು. ಆ ಗಾಡಿಯ ಅಪಘಾತಗಳಲ್ಲಿ 46 ಜನ ಸತ್ತಿದ್ದನ್ನು ಇಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ತನಿಖೆ ಮಾಡಿತ್ತು. ಮಗುಚಿದ್ದರಲ್ಲಿ ಎಷ್ಟೋ ಗಾಡಿಗಳು ಸಮತಟ್ಟು ನೆಲದಲ್ಲಿ, ಕಡಿಮೆ ವೇಗದಲ್ಲಿ ತಿರುಗುವಾಗಲೇ ಮಗುಚಿದ್ದವು. 2009ರಲ್ಲಿ ಕಂಪನಿ ಪುಕ್ಕಟೆ ರಿಪೇರಿ ಮಾಡಿಕೊಟ್ಟಿತು. ಹಿಂದಿನ ಆಂಟಿ ಸ್ವೇ ಬಾರ್ (ಎರಡು ಕಡೆಯ ಚಕ್ರಗಳನ್ನು ಜೋಡಿಸೋ ಸರಳು) ತೆಗೆದು, ಹಿಂದಿನ ಚಕ್ರಗಳಿಗೆ ಸ್ಪೇಸರ್ ಹಾಕಿ ಅಗಲ ಮಾಡಿತು. ಹಾಗಾಗಿ ಓಡಿಸಿದವನದೇ ತಪ್ಪು ಅಂತ ಈಗಲೇ ಒಪ್ಪಿಕೊಳ್ಳಬೇಡ. ಡಿಸೈನ್ ಸರಿ ಇತ್ತಾ, ಬೆಲ್ಟ್, ಬಾಗಿಲು, ಕಂಬಿ ತಡೆದುಕೊಂಡವಾ, ಕೊಡಬೇಕಾದ ಎಚ್ಚರಿಕೆ ಕೊಟ್ಟಿದ್ದರಾ ಅಂತ ನೋಡಬೇಕು. ಆ ಮಾಡೆಲ್‌ಗೆ ರೀಕಾಲ್, ಅಂದರೆ ದೋಷ ಸರಿಪಡಿಸೋಕೆ ವಾಪಸ್ ತನ್ನಿ ಅನ್ನೋ ಕಂಪನಿಯ ಕರೆ, ಬಂದಿತ್ತಾ ಅಂತ ಆಯೋಗದ ವೆಬ್‌ಸೈಟಿನಲ್ಲಿ ಹುಡುಕು.

ಅಪ್ಪ ಅಮ್ಮನಿಗೆ ಒಂದು ವಿಷಯ ಮೊದಲೇ ಹೇಳಿಡು. ಕಂಪನಿಯ ಲಾಯರ್‌ಗಳು ಮನಸ್ಸು ನೋಯುವಂಥ ಪ್ರಶ್ನೆ ಕೇಳುತ್ತಾರೆ. ಕುಡಿದಿದ್ದನಾ, ಹೆಲ್ಮೆಟ್ ಇತ್ತಾ, ಮನೆಗೆ ತಿಂಗಳಿಗೆ ಎಷ್ಟು ಕಳಿಸುತ್ತಿದ್ದ ಅಂತೆಲ್ಲ. ಹುಡುಗನ ತಪ್ಪು ನೂರಕ್ಕೆ ಇಷ್ಟು ಅಂತ ಜ್ಯೂರಿ ಹಾಕಿದರೆ ಪರಿಹಾರ ಅಷ್ಟು ಕಡಿಮೆ ಆಗುತ್ತದೆ. ವರ್ಷಗಟ್ಟಲೆ ಎಳೆಯಲೂಬಹುದು. ಬೇಡ ಅನ್ನಿಸಿದರೆ ಬಿಡಲಿ, ಅದು ಅವರಿಷ್ಟ. ಆದರೆ ಗಾಡಿಯನ್ನು ಉಳಿಸಿಕೊಂಡು ಆಮೇಲೆ ಯೋಚಿಸಲಿ.

ಮುಂದಿನ ತಿಂಗಳು ಟೀಮಿನ ಜೊತೆ ನೀನೂ ಅಂಥದೇ ಗಾಡಿಯಲ್ಲಿ ಹೋಗಬೇಕಾ ಅಂತ ಕೊನೆಯಲ್ಲಿ ಕೇಳಿದ್ದೀಯ. ಬೇಡ ಕಣೋ. ಯಾರು ಏನಾದರೂ ಅಂದುಕೊಳ್ಳಲಿ.

ಆವತ್ತು ನಿನ್ನ ರೂಮ್‌ಮೇಟ್ ಜೊತೆಗಿದ್ದವನ ಫೋನಿನಲ್ಲಿರುವ ಫೋಟೋ, ವಿಡಿಯೋ ಯಾವುದನ್ನೂ ಅಳಿಸದಂತೆ ಇವತ್ತೇ ಹೇಳು. ಬಾಡಿಗೆ ರಸೀದಿ, ಅವನ ಹೆಲ್ಮೆಟ್, ಬಟ್ಟೆ ಎತ್ತಿಡು. ಇನ್ಶೂರೆನ್ಸ್‌ನವರು ಫೋನ್ ಮಾಡಿದರೆ ಲಾಯರ್ ಸಿಗುವವರೆಗೆ ಯಾರೂ ಹೇಳಿಕೆ ಕೊಡಬೇಡಿ. ಅವನ ಅಪ್ಪನಿಗೆ ನನ್ನ ನಂಬರ್ ಕೊಡು. ಹೊತ್ತು ನೋಡಬೇಡಿ, ಯಾವಾಗ ಬೇಕಾದರೂ ಮಾಡಿ ಅಂತ ಹೇಳು.