ಓದುಗರ ಪ್ರಶ್ನೆ: ನೌಕರಿಯ ಜೊತೆಗೆ ಸೇನೆಯ ಸಿಗ್ನಲ್ ಸೇವೆ

ಪ್ರಶ್ನೆ: ನಾನು ದೂರಸಂಪರ್ಕ ಕಂಪನಿಯೊಂದರಲ್ಲಿ ನೆಟ್‌ವರ್ಕ್ ಎಂಜಿನಿಯರ್. ಕೆಲವು ದೇಶಗಳಲ್ಲಿ ನನ್ನಂಥವರು ನೌಕರಿ ಬಿಡದೆಯೇ ಮೀಸಲು ಸೇನೆಯ ಸಂಪರ್ಕ ವಿಭಾಗದಲ್ಲಿ ದುಡಿಯುತ್ತಾರೆಂದು ಓದಿದ್ದೇನೆ. ತಿಂಗಳಿಗೆ ಎರಡು ದಿನ ಹೋಗಿಬಂದರೆ ಅಷ್ಟು ಸೂಕ್ಷ್ಮವಾದ ಕೆಲಸ ಕೈಗೆ ಹತ್ತುತ್ತದೆಯೇ? ನಮ್ಮ ವೃತ್ತಿಯ ಅನುಭವ ಅಲ್ಲಿ ನೆರವಾಗುತ್ತದೆಯೇ?

ಉತ್ತರ: ತಿಂಗಳಿಗೆ ಎರಡು ದಿನಗಳ ಹಾಜರಿ ಶುರುವಾಗುವುದೇ ಕಲಿಕೆ ಮುಗಿದ ಮೇಲೆ. ಅಮೆರಿಕದ ಮೀಸಲು ಸೇನೆಗಳಲ್ಲೊಂದಾದ ಆರ್ಮಿ ನ್ಯಾಷನಲ್ ಗಾರ್ಡ್‌ಗೆ ಹೊಸದಾಗಿ ಸೇರಿದವರು ಸುಮಾರು 10 ವಾರಗಳ ಮೂಲ ತರಬೇತಿಯನ್ನೂ, ಆನಂತರ ತಮ್ಮ ವಿಭಾಗದ ತಾಂತ್ರಿಕ ತರಬೇತಿಯನ್ನೂ ಪೂರ್ಣಾವಧಿ ಸೈನಿಕರಂತೆಯೇ ಮನೆ ಬಿಟ್ಟು ಮುಗಿಸಬೇಕು. ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೊಮ್ಮೆ ಸುಮಾರು ಎರಡು ವಾರಗಳ ಶಿಬಿರ ಎಂಬ ಕ್ರಮ ಅದಾದ ಮೇಲಿನದು. ಬ್ರಿಟನ್ನಿನಲ್ಲಿ ಸ್ಥಳೀಯ ಮೀಸಲು ಘಟಕಗಳಿಗೆ ವರ್ಷಕ್ಕೆ 27 ದಿನಗಳ, ದೇಶದ ಎಲ್ಲೆಡೆಯಿಂದ ಪರಿಣತರನ್ನು ಸೇರಿಸಿಕೊಳ್ಳುವ ಘಟಕಗಳಿಗೆ 19 ದಿನಗಳ ಬದ್ಧತೆ ಇದೆ.

ನಿಜವಾದ ಕಷ್ಟ ಇರುವುದು ಎರಡು ಹಾಜರಿಗಳ ನಡುವೆ ಕವಿಯುವ ಮರೆವಿನಲ್ಲಿ. ಸಿಂಕ್‌ಗಾರ್ಸ್ ಎಂಬ ಅಮೆರಿಕದ ಸೇನಾ ರೇಡಿಯೊವನ್ನೇ ನೋಡಿ. ಶತ್ರು ಕದ್ದಾಲಿಸದಂತೆ, ಅಡ್ಡಿಪಡಿಸದಂತೆ ಅದು 30ರಿಂದ 88 ಮೆಗಾಹರ್ಟ್ಸ್ ನಡುವೆ ಸೆಕೆಂಡಿಗೆ ನೂರಕ್ಕೂ ಹೆಚ್ಚು ಬಾರಿ ಫ್ರೀಕ್ವೆನ್ಸಿ ಬದಲಿಸುತ್ತಿರುತ್ತದೆ. ಒಂದೇ ಜಾಲದ ಎಲ್ಲ ರೇಡಿಯೊಗಳೂ ಒಟ್ಟಿಗೆ ಜಿಗಿಯಬೇಕಾದ್ದರಿಂದ ಅವುಗಳಿಗೆ ಒಂದೇ ಗುಪ್ತ ಕೀಲಿಗಳನ್ನು, ಅಂದರೆ ರಹಸ್ಯ ಸಂಕೇತಗಳನ್ನು, ತುಂಬಿರಬೇಕು, ಅವುಗಳ ಗಡಿಯಾರಗಳು ಪರಸ್ಪರ ಹೊಂದಿಕೊಂಡಿರಬೇಕು. ಇದರಲ್ಲಿ ಒಂದು ಹೆಜ್ಜೆ ತಪ್ಪಿದರೂ ಯಂತ್ರ ಕೆಟ್ಟಂತೆ ಕಾಣುವುದಿಲ್ಲ. ರೇಡಿಯೊ ಚಾಲೂ ಇರುತ್ತದೆ, ಬ್ಯಾಟರಿ ತುಂಬಿರುತ್ತದೆ, ಆಚೆಯಿಂದ ಮಾತ್ರ ಉತ್ತರ ಬರುವುದಿಲ್ಲ. ದಿನವೂ ಇದನ್ನೇ ಮಾಡುವವರಿಗೆ ತಪ್ಪು ಎಲ್ಲಿದೆಯೆಂದು ತಕ್ಷಣ ಹೊಳೆಯುತ್ತದೆ, ನಾಲ್ಕು ವಾರ ಮುಟ್ಟದೆ ಬಂದವರು ತಡಕಾಡುತ್ತಾರೆ. ಆದ್ದರಿಂದ ವಾರಾಂತ್ಯದ ಮೊದಲ ಗಂಟೆಗಳನ್ನು ಉಪನ್ಯಾಸಕ್ಕೆ ಕೊಡದೆ, ಪ್ರತಿಯೊಬ್ಬರೂ ಸ್ವತಃ ಕೀಲಿ ತುಂಬಿ, ಸಮಯ ಹೊಂದಿಸಿ, ಜಾಲ ಕಟ್ಟುವುದಕ್ಕೇ ಮೀಸಲಿಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ನಿಮ್ಮ ವೃತ್ತಿಯ ಅನುಭವ ಖಂಡಿತ ನೆರವಾಗುತ್ತದೆ. ರೂಟರ್, ಫೈಬರ್, ಉಪಗ್ರಹ ಸಂಪರ್ಕ ಇವೆಲ್ಲ ಅಲ್ಲಿಯೂ ಇವೆ. ಆದರೆ ಒಂದೆರಡು ಅಭ್ಯಾಸಗಳನ್ನು ತಿರುಗಿಸಿಕೊಳ್ಳಬೇಕಾಗುತ್ತದೆ. ಸಿಗ್ನಲ್ ಬಲವಾಗಿದ್ದಷ್ಟೂ ಒಳ್ಳೆಯದೆಂದು ನಾವು ಕಲಿತಿರುತ್ತೇವೆ. ರಣರಂಗದಲ್ಲಿ ಹೊರಬಿಟ್ಟ ಪ್ರತಿಯೊಂದು ಅಲೆಯೂ ಅದು ಎಲ್ಲಿಂದ ಬಂತೆಂಬ ಸುಳಿವನ್ನು ಶತ್ರುವಿಗೆ ಕೊಡಬಲ್ಲದು. ಅದಕ್ಕಾಗಿ ಕೆಲಸ ಆಗುವಷ್ಟೇ ಶಕ್ತಿ ಬಳಸಿ, ಮಾತನ್ನು ಕೆಲವೇ ಸೆಕೆಂಡುಗಳಲ್ಲಿ ಮುಗಿಸಿ, ಆಂಟೆನಾವನ್ನು ಅಧಿಕಾರಿಗಳ ಠಾವಿನಿಂದ ಆದಷ್ಟು ದೂರದಲ್ಲಿ ನಿಲ್ಲಿಸುತ್ತಾರೆ. ಟವರ್ ಇಲ್ಲದ, ನಡುವೆ ಬೆಟ್ಟ ಅಡ್ಡ ಬರುವ ಕಡೆ ತಂತಿಯ ಆಂಟೆನಾ ನೆರವಿಗೆ ಬರುತ್ತದೆ. 5 ಮೆಗಾಹರ್ಟ್ಸ್‌ಗೆ ಸುಮಾರು 28 ಮೀಟರ್ ಉದ್ದದ ತಂತಿಯನ್ನು ನೆಲಕ್ಕೆ ಹೆಚ್ಚು ಎತ್ತರವಲ್ಲದಂತೆ ಅಡ್ಡಲಾಗಿ ಕಟ್ಟಿದರೆ, ಅಲೆಗಳು ಬಹುಪಾಲು ನೆಟ್ಟಗೆ ಮೇಲೇರಿ, ವಾತಾವರಣದ ಮೇಲ್ಪದರವಾದ ಅಯಾನುಗೋಳದಿಂದ ಮರಳಿ, ಬೆಟ್ಟದ ಆಚೆಗೂ ಇಳಿಯುತ್ತವೆ. ರಾತ್ರಿ ಅದೇ ಫ್ರೀಕ್ವೆನ್ಸಿ ಕೈಕೊಡಬಹುದು, ಆಗ ಕೆಳಗಿನದಕ್ಕೆ ಇಳಿಯಬೇಕು. ಇದು ಪುಸ್ತಕ ಓದಿ ಬರುವ ವಿದ್ಯೆಯಲ್ಲ, ಕತ್ತಲಲ್ಲಿ ತಂತಿ ಕಟ್ಟಿಯೇ ಬರಬೇಕು.

ಪ್ರಶ್ನೆ: ಇಂಥ ಸೇವೆಗೆ ಸೇರಿದವರ ನೌಕರಿಗೆ ರಕ್ಷಣೆ ಇದೆಯೇ?

ಉತ್ತರ: ಅಮೆರಿಕದಲ್ಲಿ 1994ರ ಕಾನೂನಿನ ಪ್ರಕಾರ, ಮುಂಚಿತವಾಗಿ ತಿಳಿಸಿ ಸೇವೆಗೆ ಹೋಗಿ ನಿಗದಿತ ಅವಧಿಯೊಳಗೆ ಮರಳಿದವರನ್ನು ಮಾಲೀಕರು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕು, ಒಬ್ಬ ಮಾಲೀಕರಲ್ಲಿ ಇಂಥ ಗೈರುಹಾಜರಿಯ ಒಟ್ಟು ಮಿತಿ ಸಾಮಾನ್ಯವಾಗಿ ಐದು ವರ್ಷ, ಕೆಲವು ವಿನಾಯಿತಿಗಳೂ ಇವೆ. ಕಡ್ಡಾಯ ಕರೆ ಬಂದರೆ ತಿಂಗಳುಗಳ ಕಾಲ ದೂರ ಇರಬೇಕಾಗಬಹುದು. ಸಹಿ ಹಾಕುವ ಮೊದಲು ಈ ಮಾತನ್ನು ಮನೆಯವರ ಮುಂದೆ ಬಿಚ್ಚಿಟ್ಟು, ಶಿಬಿರದ ದಿನಾಂಕಗಳು ತಿಳಿದ ಕೂಡಲೇ ಕಚೇರಿಗೆ ಬರವಣಿಗೆಯಲ್ಲಿ ಕೊಟ್ಟುಬಿಡಿ.