ತೆರೆದ ಹೃದಯ ಶಸ್ತ್ರಚಿಕಿತ್ಸೆಯಲ್ಲಿ ರಕ್ತದೊತ್ತಡ ಸರಿಯಿದ್ದರೂ ಸೂಕ್ಷ್ಮ ರಕ್ತನಾಳಗಳ ಮೇಲೆ ಪ್ರತ್ಯೇಕ ನಿಗಾ ಏಕೆ, ಹೇಗೆ?
ರಕ್ತದೊತ್ತಡ ಹೇಳುವುದು ದೊಡ್ಡ ನಾಳಗಳ ಸ್ಥಿತಿಯನ್ನು ಮಾತ್ರ. ಆಮ್ಲಜನಕ ಜೀವಕೋಶಕ್ಕೆ ದಾಟುವುದು 5ರಿಂದ 10 ಮೈಕ್ರೋಮೀಟರ್ ಅಗಲದ ಲೋಮನಾಳಗಳಲ್ಲಿ.

ಹೃದಯವನ್ನು ನಿಲ್ಲಿಸಿ ಹೃದಯ-ಶ್ವಾಸಕೋಶ ಯಂತ್ರಕ್ಕೆ ಕೆಲಸ ವಹಿಸಿದಾಗ, ಕೊಳವೆಗಳಲ್ಲಿ ತುಂಬಿದ ದ್ರವದೊಡನೆ ಬೆರೆತು ರಕ್ತ ತೆಳುವಾಗುತ್ತದೆ, ದೇಹದಲ್ಲಿ ಉರಿಯೂತವೂ ಕೆರಳುತ್ತದೆ. ಆಗ ಕೆಲವು ಲೋಮನಾಳಗಳಲ್ಲಿ ಹರಿವು ನಿಂತು, ಪಕ್ಕದವುಗಳಲ್ಲಿ ರಕ್ತ ರಭಸದಿಂದ ಓಡಬಹುದು. ಒಟ್ಟು ಲೆಕ್ಕ ಸರಿ, ಹಂಚಿಕೆ ತಪ್ಪು!

ನೋಡುವ ಜಾಗ, ವಿಚಿತ್ರವೆನಿಸಿದರೂ, ನಾಲಿಗೆಯ ಅಡಿ. ಅಲ್ಲಿನ ಲೋಳೆಪೊರೆ ತೆಳು. ಕೈಯಲ್ಲಿ ಹಿಡಿಯುವ ಪುಟ್ಟ ಸೂಕ್ಷ್ಮದರ್ಶಕ ಹಸಿರು ಬೆಳಕು ಬೀರುತ್ತದೆ. ಹಿಮೋಗ್ಲೋಬಿನ್ ಅದನ್ನು ಹೀರಿಕೊಳ್ಳುವುದರಿಂದ ಕೆಂಪು ರಕ್ತಕಣಗಳು ಪರದೆಯ ಮೇಲೆ ಕಪ್ಪು ಚುಕ್ಕೆಗಳಾಗಿ ಇರುವೆ ಸಾಲಿನಂತೆ ಸಾಗುತ್ತವೆ. ಸಾಲು ಎಲ್ಲಿ ತಡವರಿಸುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಆದರೆ ಸಾಧನವನ್ನು ತುಸು ಒತ್ತಿ ಹಿಡಿದರೂ ಹರಿವು ನಿಂತು ಸುಳ್ಳು ಚಿತ್ರ ಸಿಗುತ್ತದೆ. ಇದರ ಬಳಕೆ ಇನ್ನೂ ಹೆಚ್ಚಾಗಿ ಸಂಶೋಧನೆಗೆ ಸೀಮಿತ.

ದಿನನಿತ್ಯದ ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರು ಪರೋಕ್ಷ ಸುಳಿವುಗಳನ್ನೇ ನೆಚ್ಚುತ್ತಾರೆ: ಆಮ್ಲಜನಕ ಸಾಲದಾದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್, ಹಣೆಗೆ ಅಂಟಿಸಿದ ಸಂವೇದಕ ಅವಕೆಂಪು ಬೆಳಕಿನಿಂದ ಅಂದಾಜಿಸುವ ಮೆದುಳಿನ ಆಮ್ಲಜನಕ ಮಟ್ಟ.