ಸಿಎನ್‌ಜಿಯನ್ನು ಲೀಟರ್ ಬಿಟ್ಟು ಕೆಜಿ ಲೆಕ್ಕದಲ್ಲಿ ಮಾರುವುದು ಏಕೆ?

ಗ್ಯಾಸನ್ನು ಲೀಟರಿನಲ್ಲಿ ಅಳೆದರೆ ಲೆಕ್ಕ ನಿಲ್ಲುವುದಿಲ್ಲ, ಅದಕ್ಕೆ. ಸಿಎನ್‌ಜಿ ಬಹುಪಾಲು ಮೀಥೇನ್. ಒತ್ತಿದರೆ ಕುಗ್ಗುತ್ತದೆ, ಬಿಸಿಯಾದರೆ ಹಿಗ್ಗುತ್ತದೆ. ತೂಕ ಮಾತ್ರ ಬದಲಾಗುವುದಿಲ್ಲ. ಬಂಕಿನ ಮೀಟರ್ ಕೂಡ ಪೈಪಿನಲ್ಲಿ ಹರಿಯುವ ಗ್ಯಾಸಿನ ತೂಕವನ್ನೇ ಅಳೆಯುತ್ತದೆ.

'60 ಲೀಟರ್ ಸಿಲಿಂಡರ್' ಅಂತಾರಲ್ವಾ, ಅದು ಒಳಗೆ ಎಷ್ಟು ನೀರು ಹಿಡಿಯುತ್ತದೆ ಎಂಬ ಅಳತೆ. ಸುಮಾರು 200 ಬಾರ್ ಒತ್ತಡದಲ್ಲಿ ತುಂಬಿದರೂ ಅದರಲ್ಲಿ ಹಿಡಿಯುವ ಗ್ಯಾಸ್ 9–10 ಕೆಜಿ ಅಷ್ಟೇ. ಅದೂ ದಿನಾ ಒಂದೇ ಸಮ ಇರುವುದಿಲ್ಲ. ರಭಸದಲ್ಲಿ ತುಂಬುವಾಗ ಸಿಲಿಂಡರಿನೊಳಗೆ ಗ್ಯಾಸ್ ಬಿಸಿಯಾಗುತ್ತದೆ. ಬಿಸಿಯಾದರೆ ಒತ್ತಡ ಬೇಗ ಏರುತ್ತದೆ, ಕಡಿಮೆ ಗ್ಯಾಸಿಗೇ 'ಫುಲ್' ಆಗಿಬಿಡುತ್ತದೆ. ಬಂಕಿನಲ್ಲೇ ಒತ್ತಡ ಕಡಿಮೆ ಇದ್ದ ದಿನವೂ ಅಷ್ಟೇ, ಒಂದೆರಡು ಕೆಜಿ ಖೋತಾ. ಸುಮ್ನೆ ಬಂಕಿನ ಹುಡುಗನನ್ನು ಬೈಯಬೇಡಿ. ಹೋದಷ್ಟು ಕೆಜಿಗೆ ಮಾತ್ರ ನೀವು ದುಡ್ಡು ಕೊಡುವುದು.

ಇನ್ನೊಂದು ಮಾತು. ಕಾರಿನ ಟೈರಿನಲ್ಲಿರುವುದು ಬರೀ 2 ಬಾರ್ ಚಿಲ್ಲರೆ ಗಾಳಿ. ಇಲ್ಲಿರುವುದು 200. ಹಿಂದಿನ ಸೀಟಿನಲ್ಲಿ ಮಗು ಮಲಗಿದ್ದರೂ ಎಬ್ಬಿಸಿ, ಎಲ್ಲರೂ ಇಳಿದು ದೂರ ನಿಂತೇ ತುಂಬಿಸಿಕೊಳ್ಳಿ. ಮೂರು ವರ್ಷಕ್ಕೊಮ್ಮೆ ಮಾಡಿಸಬೇಕಾದ ಸಿಲಿಂಡರ್ ಟೆಸ್ಟನ್ನು ದಯವಿಟ್ಟು ಮುಂದಕ್ಕೆ ಹಾಕಬೇಡಿ.